ಪಟ್ಟಿಯ ಹೊರಗೆ ನಿಂತವರಿಗಾಗಿ

ನಂಜುಂಡ, ಸ್ವಲ್ಪ ಹೊತ್ತು ಕೇಳಿಸಿಕೋ.

ಇವತ್ತು ನನಗಾಗಿ ಬಂದಿಲ್ಲ. ನನ್ನ ಮೈಕೈ ಸದ್ಯಕ್ಕೆ ಗಟ್ಟಿಯಾಗಿದೆ. ಅದು ನಿನ್ನ ದಯೆ. ಮಲಗಿದರೆ ನಿದ್ದೆ ಬರುತ್ತದೆ. ಉಂಡ ಅನ್ನ ಹೊಟ್ಟೆಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಎದ್ದಾಗ ಕಾಲು ಹೇಳಿದ ಮಾತು ಕೇಳುತ್ತದೆ. ಇಷ್ಟೂ ಇಲ್ಲದವರ ಪರವಾಗಿ ಬಂದಿದ್ದೇನೆ. ಅವರೆಲ್ಲ ನನ್ನನ್ನು ಕಳಿಸಿದವರಲ್ಲ. ನಾನೇ ಎದ್ದು ಬಂದೆ. ಅಧಿಕಪ್ರಸಂಗ ಅನ್ನಿಸಿದರೆ ಕ್ಷಮಿಸು.

ನೀನಿರುವುದು ಕಪಿಲೆಯ ದಡದಲ್ಲಿ. ನಾನಿರುವುದು ಅಮೆರಿಕದ ಮಿನೆಸೋಟದಲ್ಲಿ. ಇಲ್ಲಿ ಚಳಿಗಾಲದಲ್ಲಿ ಕೆರೆಯ ಮೇಲೆ ಕಾರು ಓಡಿಸುತ್ತಾರೆ, ನೀರು ಅಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಮೇಪಲ್ ಗ್ರೋವ್‌ನ ದೇವಸ್ಥಾನದಲ್ಲಿ ಶಿವನ ಮುಂದೆ ನಿಂತಾಗ ನನ್ನ ಬಾಯಿಗೆ ಬರುವುದು ನಿನ್ನ ಹೆಸರೇ. ನಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ನಿನಗೆ ಒಂದು ಕಾಸು ಕಟ್ಟಿಡುತ್ತಿದ್ದರು, ಆಮೇಲೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ನೀನು ವೈದ್ಯ ಎಂಬ ನಂಬಿಕೆಯಲ್ಲಿ ಬೆಳೆದವಳು ನಾನು. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಮಂಜಾದಾಗ ಅವನೂ ನಿನ್ನ ಮೊರೆ ಹೊಕ್ಕನಂತೆ. ಆನೆಗೆ ಕಣ್ಣು ಬಂತಂತೆ. ನಿನಗೆ ಪಚ್ಚೆಲಿಂಗ ಒಪ್ಪಿಸಿ, ಹಕೀಂ ನಂಜುಂಡ ಎಂದು ಕರೆದನಂತೆ. ಮಾತು ಬಾರದ ಪ್ರಾಣಿಯ ನೋವು ನಿನಗೆ ತಿಳಿಯಿತು. ಕಾಯಿಲೆಯ ಹೆಸರೇನು ಎಂದು ನೀನು ಕೇಳಲಿಲ್ಲ.

ನಾವು ಮನುಷ್ಯರು ಕೇಳುತ್ತೇವೆ, ತಂದೆ. ಹೆಸರು ಕೇಳುತ್ತೇವೆ. ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡುತ್ತೇವೆ. ಆ ಪಟ್ಟಿಯ ಕಥೆಯನ್ನೇ ನಿನಗೆ ಹೇಳಬೇಕಾಗಿದೆ.

ಕೆಲವು ತಾಯಂದಿರಿಂದ ಶುರುವಾದದ್ದು ಇದು. ಅವರ ಮಕ್ಕಳಿಗೆ ಮೂರ್ಛೆರೋಗ. ಇರುವ ಔಷಧಗಳೆಲ್ಲ ಮುಗಿದಿದ್ದವು. ಮಗು ಆಡುತ್ತ ಆಡುತ್ತ ಬಿದ್ದು ಸೆಟೆದುಕೊಳ್ಳುತ್ತಿತ್ತು. ದೂರದ ಕೊಲರಾಡೊದಲ್ಲಿ ಶಾರ್ಲೆಟ್ ಫೀಗಿ ಎಂಬ ಪುಟ್ಟ ಹುಡುಗಿಗೆ ಗಾಂಜಾ ಗಿಡದ ಎಣ್ಣೆಯಿಂದ ಫಿಟ್ಸ್ ಬಹಳ ಇಳಿಯಿತೆಂದು 2013ರಲ್ಲಿ ಟಿವಿಯಲ್ಲಿ ಬಂತು. ಅದನ್ನು ನೋಡಿದ ಮೇಲೆ ಯಾವ ತಾಯಿ ಸುಮ್ಮನೆ ಕೂತಾಳು? ಮಿನೆಸೋಟದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸೇಂಟ್ ಪಾಲ್‌ನ ಶಾಸನಸಭೆಗೆ ಬಂದರು. ಪೊಲೀಸರಿಗೆ ಒಪ್ಪಿಗೆಯಿರಲಿಲ್ಲ. ಅವರು ಒಪ್ಪದೆ ತಾನು ಒಪ್ಪಲಾರೆ ಎಂದು ರಾಜ್ಯಪಾಲ ಮಾರ್ಕ್ ಡೇಟನ್ ಹಿಂದೆಗೆದರು. ತಾಯಂದಿರು ಮನೆಗೆ ಹೋಗಲಿಲ್ಲ. ಕಡೆಗೆ 2014ರ ಮೇ 29ರಂದು, ಗಾಂಜಾವನ್ನು ರೋಗಿಗಳಿಗೆ ಔಷಧವಾಗಿ ಕೊಡಬಹುದೆಂಬ ಕಾನೂನಿಗೆ ಆ ಡೇಟನ್ ಅವರೇ ಸಹಿ ಹಾಕಿದರು. 2015ರ ಜುಲೈ 1ರಂದು ಮೊದಲ ರೋಗಿಗೆ ಮೊದಲ ಔಷಧ ಸಿಕ್ಕಿತು.

ಆ ತಾಯಂದಿರಿಗೆ ಕಾಲಲ್ಲಿ ಕಸುವು ಕೊಟ್ಟದ್ದಕ್ಕೆ ನಿನಗೆ ನಮಸ್ಕಾರ. ಸಹಿ ಹಾಕಿದ ಕೈಗೂ ನಮಸ್ಕಾರ. ಶಾರ್ಲೆಟ್ 2020ರಲ್ಲಿ ತನ್ನ ಹದಿಮೂರನೆಯ ವಯಸ್ಸಿಗೆ ನಿನ್ನ ಹತ್ತಿರ ಬಂದಳು. ಅವಳನ್ನು ಚೆನ್ನಾಗಿ ನೋಡಿಕೊಂಡಿದ್ದೀಯೆಂದು ನಂಬಿದ್ದೇನೆ.

ಆದರೆ ಕಾನೂನಿನ ಬಾಗಿಲು ಬಹಳ ಕಿರಿದಾಗಿತ್ತು. ಒಂಬತ್ತೇ ಕಾಯಿಲೆಗಳು. ನೋವು, ವಾಂತಿ ಇಲ್ಲವೆ ವಿಪರೀತ ಸೊರಗುವಿಕೆ ಇರುವ ಕ್ಯಾನ್ಸರ್. ಗ್ಲಾಕೋಮಾ. ಎಚ್‌ಐವಿ. ಟುರೆಟ್. ಎಎಲ್‌ಎಸ್. ಮೂರ್ಛೆರೋಗ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಕಾಯಿಲೆಗಳಲ್ಲಿ ಬರುವ ತೀವ್ರ ಸ್ನಾಯುಸೆಳೆತ. ಕ್ರೋನ್ಸ್. ಇನ್ನು ಒಂದು ವರ್ಷವೂ ಬದುಕಲಾರರೆಂದು ಡಾಕ್ಟರು ಹೇಳಿದವರು. ಅಷ್ಟೇ. ಅದರಲ್ಲೂ ಎಲೆ ಕೊಡುವಂತಿಲ್ಲ, ಸೇದುವಂತಿಲ್ಲ. ಮಾತ್ರೆ, ಎಣ್ಣೆ, ದ್ರವ ಮಾತ್ರ. ತಯಾರಿಸಲು ಇಡೀ ರಾಜ್ಯಕ್ಕೆ ಎರಡು ಕಂಪನಿ. ಮಾರಲು ಎಂಟು ಕಡೆ.

ಪಟ್ಟಿ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಹೆದರಿಕೆಯ ನಡುವೆ ತೆರೆದ ಬಾಗಿಲು ಅದು. ಅಷ್ಟು ತೆರೆದದ್ದೇ ದೊಡ್ಡದು. ಆದರೂ ಒಳಗೆ ಹೋದವರ ಸಂತೋಷ ನೋಡಿದಷ್ಟು ಹೊತ್ತೂ ಹೊರಗೆ ಉಳಿದವರ ಮುಖ ಕಣ್ಣಿಗೆ ಬರುತ್ತದೆ. ರೇಷನ್ ಚೀಟಿಯಲ್ಲಿ ಹೆಸರು ಬಿಟ್ಟುಹೋದ ಕುಟುಂಬದ ಹಾಗೆ ಅವರು ಅಂಗಡಿಯ ಮುಂದೆಯೇ ನಿಂತಿದ್ದರು. ಹಸಿವು ಎಲ್ಲರಿಗೂ ಒಂದೇ. ಚೀಟಿ ಮಾತ್ರ ಬೇರೆ.

ಬೆನ್ನುಮೂಳೆ ಮುರಿದು ಹತ್ತು ವರ್ಷ ಮಲಗಿದಲ್ಲೇ ನರಳುವವರು ಆ ಪಟ್ಟಿಯಲ್ಲಿರಲಿಲ್ಲ. ಯುದ್ಧದಿಂದ ಬಂದು ರಾತ್ರಿಯೆಲ್ಲ ಬೆಚ್ಚಿಬೀಳುವ ಸೈನಿಕರಿರಲಿಲ್ಲ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಆಟಿಸಂ ಮಕ್ಕಳಿರಲಿಲ್ಲ. ಎಲುಬಿನೊಳಗೇ ಬೆಂಕಿಯಿಟ್ಟಂತೆ ಕೂಗುವ ಸಿಕಲ್ ಸೆಲ್ ರೋಗಿಗಳಿರಲಿಲ್ಲ.

ಸ್ವಾಮಿ, ಆ ಕಾನೂನಿನಲ್ಲೇ ನೀನು ಒಂದು ಕಿಂಡಿ ಇಟ್ಟಿದ್ದೆ. ಅದಕ್ಕಾಗಿ ನಿನಗೆ ಎಷ್ಟು ಸಲ ಕೈಮುಗಿದರೂ ಸಾಲದು. ಹೊಸ ಕಾಯಿಲೆಯನ್ನು ಪಟ್ಟಿಗೆ ಸೇರಿಸಿ ಎಂದು ಯಾರು ಬೇಕಾದರೂ ಅರ್ಜಿ ಹಾಕಬಹುದಿತ್ತು. ಡಾಕ್ಟರೇ ಆಗಬೇಕಿಲ್ಲ. ವಕೀಲರು ಬೇಕಿಲ್ಲ. ಜೂನ್ ಮತ್ತು ಜುಲೈ ತಿಂಗಳಲ್ಲಿ ಆರೋಗ್ಯ ಇಲಾಖೆಗೆ ಬರೆದು ಕಳಿಸಿದರಾಯಿತು. ಇಲಾಖೆಯವರು ಆ ಕಾಯಿಲೆಯ ಬಗ್ಗೆ ನಡೆದ ಸಂಶೋಧನೆಗಳನ್ನೆಲ್ಲ ಹುಡುಕಿ ಒಂದು ಟಿಪ್ಪಣಿ ಬರೆಯುತ್ತಿದ್ದರು. ಜನ ತಮ್ಮ ಅಭಿಪ್ರಾಯ ಹೇಳುತ್ತಿದ್ದರು. ಒಂದು ಸಮಿತಿ ಕೂತು ನೋಡುತ್ತಿತ್ತು. ಡಿಸೆಂಬರ್ 1ರೊಳಗೆ ಆಯುಕ್ತರು ಹೂಂ ಅಥವಾ ಉಹೂಂ ಎನ್ನಬೇಕಿತ್ತು. ಹೂಂ ಎಂದರೂ, ಶಾಸನಸಭೆ ಅಡ್ಡ ಬರದಿದ್ದರೆ, ಮುಂದಿನ ಆಗಸ್ಟ್ 1ಕ್ಕೆ ಔಷಧ.

ಜೂನ್‌ನಿಂದ ಮರುವರ್ಷದ ಆಗಸ್ಟ್. ಆರೋಗ್ಯವಂತರಿಗೆ ಅದು ಒಂದು ಕಾಲಾವಧಿ. ನೋವಿನಲ್ಲಿರುವವರಿಗೆ ರಾತ್ರಿಗಳ ಲೆಕ್ಕ. ಕಾನೂನಿಗೆ ತನ್ನದೇ ನಡಿಗೆ ಬೇಕು, ಒಪ್ಪುತ್ತೇನೆ. ಅವಸರದಲ್ಲಿ ಔಷಧ ಕೊಟ್ಟರೆ ಕೆಡುಕಾಗುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೆ ಆ ರಾತ್ರಿಗಳನ್ನು ಯಾರು ಕಾಯುತ್ತಾರೆ? ನೀನೇ ಕಾಯಬೇಕು. ಕಾದಿದ್ದೀಯೆ. ಇನ್ನೂ ಕಾಯುತ್ತಿರು.

ಅರ್ಜಿ ಬರೆದವರನ್ನು ನೆನೆಯುತ್ತೇನೆ. ಅವರ ಹೆಸರು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಇಲ್ಲಿ ಹೇಳುವುದು ತರವಲ್ಲ. ತನ್ನ ಕರುಳಿನ ಸ್ಥಿತಿಯನ್ನು, ತನ್ನ ಮಗುವಿನ ಬುದ್ಧಿಯನ್ನು, ತನ್ನ ರಾತ್ರಿಯ ಭಯವನ್ನು ಸರ್ಕಾರದ ಕಾಗದದಲ್ಲಿ ಬರೆಯುವುದು ಸುಲಭವಲ್ಲ. ಬಚ್ಚಲುಮನೆಯಲ್ಲಿ ನಡೆಯುವುದನ್ನು ಆಯುಕ್ತರ ಮೇಜಿನ ಮೇಲೆ ಇಡಬೇಕು. ಅವರು ಇಟ್ಟರು. ತಮಗಾಗಿ ಬರೆದ ಅರ್ಜಿ ಸಾವಿರಾರು ಜನರಿಗೆ ದಾರಿ ಮಾಡಿತು. ನಾನು ನಿನ್ನ ಮುಂದೆ ಒಪ್ಪಿಸುತ್ತಿರುವ ಈ ಮಾತಿಗೂ ಅವರ ಅರ್ಜಿಗೂ ಬಹಳ ದೂರವಿಲ್ಲ ಅನ್ನಿಸುತ್ತದೆ. ಅವರದ್ದೇ ಹೆಚ್ಚು ಧೈರ್ಯದ್ದು.

ಮೊದಲು ಬಂದದ್ದು ಯಾವ ಚಿಕಿತ್ಸೆಗೂ ಬಗ್ಗದ ನೋವಿನ ಪ್ರಶ್ನೆ. 2015ರಲ್ಲಿ ತಜ್ಞರ ಸಮಿತಿ ಬೇಡ ಎಂದಿತು. ಸಾಕ್ಷ್ಯ ಸಾಲದು ಎಂಬ ಅಂಜಿಕೆ. ಅಂದಿನ ಆರೋಗ್ಯ ಆಯುಕ್ತ ಎಡ್ ಎಲಿಂಜರ್ ಜನರ ಮಾತನ್ನೂ ಕೇಳಿಸಿಕೊಂಡರು. ಡಿಸೆಂಬರ್‌ನಲ್ಲಿ ಆಗಲಿ ಎಂದರು. ಸಮಿತಿಯ ಮಾತನ್ನು ಮೀರುವುದು ಅಧಿಕಾರಿಗೆ ಸುಲಭವಲ್ಲ. ಆ ದಿನ ಅವರ ಎದೆಯಲ್ಲಿ ನೀನು ಕೂತಿದ್ದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಆದರೂ ಔಷಧ ಕೈಗೆ ಬಂದದ್ದು 2016ರ ಆಗಸ್ಟ್‌ನಲ್ಲಿ. ಅದಕ್ಕೆ ಮೂರು ತಿಂಗಳ ಹಿಂದೆ, ಏಪ್ರಿಲ್ 21ರಂದು, ಇದೇ ರಾಜ್ಯದ ಚಾನ್ಹಾಸನ್ನಿನಲ್ಲಿ ಗಾಯಕ ಪ್ರಿನ್ಸ್ ತೀರಿಕೊಂಡರು. ಒಳ್ಳೆಯ ನೋವಿನ ಮಾತ್ರೆಯೆಂದು ನಂಬಿ ನುಂಗಿದ್ದು ಫೆಂಟನಿಲ್ ಬೆರೆಸಿದ ನಕಲಿ ಮಾತ್ರೆ ಎಂದು ತನಿಖೆ ನಡೆಸಿದವರು ಆಮೇಲೆ ಹೇಳಿದರು. ಗಾಂಜಾ ಸಿಕ್ಕಿದ್ದರೆ ಅವರು ಉಳಿಯುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಅಂಥ ಮಾತು ಹೇಳುವ ಹಕ್ಕು ನನಗಿಲ್ಲ. ಲೋಕವೆಲ್ಲ ಕೊಂಡಾಡಿದ ಮನುಷ್ಯನೂ ನೋವಿನ ಎದುರು ಒಬ್ಬಂಟಿಯಾಗಿದ್ದ ಎಂಬುದಷ್ಟೇ ನನ್ನ ಎದೆಗೆ ತಟ್ಟಿದ್ದು. ಆ ಹೊತ್ತಿಗೆ ಈ ದೇಶದಲ್ಲಿ ಒಪಿಯಾಯ್ಡ್ ಎಂಬ ನೋವಿನ ಮಾತ್ರೆಗಳು ಮನೆಮನೆಯ ಕಪಾಟಿನಲ್ಲಿದ್ದವು. ಅವುಗಳಿಂದ ಸತ್ತವರನ್ನು ಮಣ್ಣು ಮಾಡುವುದು ದಿನದ ಕೆಲಸವಾಗಿತ್ತು.

ಮೊದಲ ಐದು ತಿಂಗಳಲ್ಲಿ, ಚಿಕಿತ್ಸೆಗೆ ಬಗ್ಗದ ಆ ನೋವಿಗಾಗಿ ಗಾಂಜಾ ಔಷಧಕ್ಕೆ ನೋಂದಾಯಿಸಿಕೊಂಡವರ ಬಗ್ಗೆ ಆರೋಗ್ಯ ಇಲಾಖೆ 2018ರಲ್ಲಿ ಒಂದು ವರದಿ ಕೊಟ್ಟಿತು. ಬರುವಾಗಲೇ ಒಪಿಯಾಯ್ಡ್ ತೆಗೆದುಕೊಳ್ಳುತ್ತಿದ್ದ 353 ಮಂದಿಯ ಲೆಕ್ಕ ಅದರಲ್ಲಿದೆ. ಆರು ತಿಂಗಳಲ್ಲಿ 221 ಮಂದಿ ಅದನ್ನು ಕಡಿಮೆ ಮಾಡಿದ್ದರು, ಇಲ್ಲವೆ ಬಿಟ್ಟೇಬಿಟ್ಟಿದ್ದರು. ಇದು ಪಕ್ಕಾ ಪ್ರಯೋಗವಲ್ಲ, ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ, ನಿಜ. ಆದರೂ 221 ಮನೆಗಳು. ಒಂದೊಂದು ಮನೆಯಲ್ಲೂ ಒಬ್ಬರಾದರೂ ನಿಟ್ಟುಸಿರು ಬಿಟ್ಟಿರುತ್ತಾರೆ. ಆ ನಿಟ್ಟುಸಿರುಗಳನ್ನೆಲ್ಲ ನಿನ್ನ ಪಾದಕ್ಕೆ ಹಾಕುತ್ತಿದ್ದೇನೆ, ಹೂವು ಎಂದು ತಿಳಿದುಕೋ.

ಆಮೇಲೆ ಪಟ್ಟಿ ನಿಧಾನವಾಗಿ ಬೆಳೆಯಿತು. 2017ರಲ್ಲಿ ಆಘಾತದ ನಂತರದ ಮನೋವೇದನೆ ಸೇರಿತು, ಅವರು ಪಿಟಿಎಸ್‌ಡಿ ಎನ್ನುವುದು. 2018ರಲ್ಲಿ ಆಟಿಸಂ, ಸ್ಲೀಪ್ ಅಪ್ನಿಯಾ. 2019ರಲ್ಲಿ ಆಲ್ಝೈಮರ್. 2020ರಲ್ಲಿ ದೀರ್ಘಕಾಲದ ನೋವು, ಮುಪ್ಪಿನಲ್ಲಿ ಕಣ್ಣಿನ ನಡುಭಾಗ ಮಸುಕಾಗುವ ಕಾಯಿಲೆ. 2021ರಲ್ಲಿ ಸಿಕಲ್ ಸೆಲ್. 2023ರಲ್ಲಿ ಒಸಿಡಿ ಎಂಬ ಗೀಳುರೋಗ, ಐಬಿಎಸ್ ಎಂಬ ಕರುಳಿನ ಕಾಯಿಲೆ. ವರ್ಷಕ್ಕೆ ಒಂದು, ಎರಡು. ಬಾಗಿಲು ಬೆರಳಗಲ ಬೆರಳಗಲವೇ ತೆರೆಯಿತು.

ಸಿಕಲ್ ಸೆಲ್ ಎಂದಾಗ ಮಾತ್ರ ನಾನು ನಿಲ್ಲಬೇಕು. ಇಲ್ಲಿ ಅದು ಹೆಚ್ಚಾಗಿ ಕಪ್ಪು ಜನರ ಕಾಯಿಲೆ. ರಕ್ತದ ಕಣ ಕುಡುಗೋಲಿನಾಕಾರಕ್ಕೆ ತಿರುಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬರುವ ನೋವು ಹೆರಿಗೆಯ ನೋವಿಗಿಂತ ಹೆಚ್ಚು ಎಂದು ಅನುಭವಿಸಿದವರು ಹೇಳುತ್ತಾರೆ. ಆಸ್ಪತ್ರೆಯ ತುರ್ತು ಕೋಣೆಗೆ ಹೋದರೆ ಮಾದಕ ವ್ಯಸನಿ ಇರಬೇಕು ಎಂದು ಅನುಮಾನದಿಂದ ನೋಡುತ್ತಾರೆ. ನೋವೂ ಅನುಭವಿಸಬೇಕು, ನೋವಿದೆಯೆಂದು ಸಾಬೀತೂ ಮಾಡಬೇಕು. ಅದೇ ಕಾಯಿಲೆ ನಿನ್ನ ಕಪಿಲೆಯ ಮೇಲ್ದಂಡೆಯ ಕಾಡಂಚಿನಲ್ಲೂ ಇದೆ, ಸ್ವಾಮಿ. ಮೈಸೂರು, ಚಾಮರಾಜನಗರ ಸೀಮೆಯ ಹಾಡಿಗಳಲ್ಲಿ, ಜೇನುಕುರುಬರಲ್ಲಿ, ಸೋಲಿಗರಲ್ಲಿ. ಆ ಮಕ್ಕಳು ನಿನಗೆ ಹತ್ತಿರದವರು. ಸಾವಿರಾರು ಮೈಲಿ ದೂರದಲ್ಲಿ ಇನ್ನೊಂದು ಮಗುವೂ ಹಾಗೆಯೇ ಮುದುರಿಕೊಂಡು ಅಳುತ್ತದೆ. ಎರಡಕ್ಕೂ ನೀನೇ ಇರುವುದು.

ಸೈನಿಕರ ಮಾತೂ ಹೇಳಿಬಿಡುತ್ತೇನೆ. ರಾಜ್ಯದ ಪಟ್ಟಿಯಲ್ಲಿ ಅವರ ಕಾಯಿಲೆ ಸೇರಿದ ಮೇಲೂ ಅವರ ಆಸ್ಪತ್ರೆ ಕೇಂದ್ರ ಸರ್ಕಾರದ್ದೇ. ಅಲ್ಲಿನ ಡಾಕ್ಟರು ಇದರ ಬಗ್ಗೆ ಮಾತಾಡಬಹುದು, ಶಿಫಾರಸು ಬರೆಯುವಂತಿಲ್ಲ. ವರ್ಷಗಟ್ಟಲೆ ತನ್ನ ಕಥೆ ಕೇಳಿದ ಡಾಕ್ಟರನ್ನು ಬಿಟ್ಟು, ಗುರುತಿಲ್ಲದ ಇನ್ನೊಬ್ಬರ ಮುಂದೆ ಯುದ್ಧವನ್ನು ಮೊದಲಿನಿಂದ ಹೇಳಬೇಕು. ಹಾಗೆ ಹೇಳುವಾಗ ಅವರ ಗಂಟಲು ಕಟ್ಟದಿರಲಿ.

ನಂಜುಂಡ, ನನ್ನ ಅಳುಕನ್ನೂ ನಿನ್ನಿಂದ ಮುಚ್ಚಿಡಲಾರೆ. ದಯೆ ಎಂದು ಹೇಳಿ ಕಣ್ಣು ಮುಚ್ಚಿಕೊಳ್ಳುವುದು ನನಗೆ ಬೇಡ. ಸ್ಲೀಪ್ ಅಪ್ನಿಯಾವನ್ನು ಪಟ್ಟಿಗೆ ಸೇರಿಸಿದಾಗ ಅಮೆರಿಕದ ನಿದ್ರಾವೈದ್ಯರ ಸಂಘವೇ ಎದ್ದು ನಿಂತಿತು. 2018ರಲ್ಲಿ ಬೇಡ ಎಂದಿತು. ಸಾಕ್ಷ್ಯವಿಲ್ಲ, ರಾಜ್ಯಗಳು ಇದನ್ನು ಪಟ್ಟಿಯಿಂದ ಹೊರಗಿಡಲಿ ಎಂದಿತು. ಅವರು ಕಲ್ಲೆದೆಯವರಲ್ಲ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುವ ರೋಗಿ ತನ್ನ ಉಸಿರಾಟದ ಯಂತ್ರವನ್ನು ಪಕ್ಕಕ್ಕಿಟ್ಟು ಎಣ್ಣೆಯನ್ನು ನಂಬಿಕೊಂಡಾನು ಎಂಬ ಭಯ ಅವರದ್ದು. ಗ್ಲಾಕೋಮಾದ್ದೂ ಅಷ್ಟೆ. ಕಣ್ಣಿನ ಒತ್ತಡ ಇಳಿಯುವುದು ಕೆಲವೇ ಗಂಟೆ, ಆಮೇಲೆ ಮತ್ತೆ ಏರುತ್ತದೆ. ಕಣ್ಣಿನ ಡಾಕ್ಟರು ಹನಿಗಳನ್ನೇ ಹಾಕಿ ಎನ್ನುತ್ತಾರೆ. ಮೊದಲ ದಿನದಿಂದ ಪಟ್ಟಿಯಲ್ಲಿದ್ದ ಹೆಸರು ಅದು! 2017ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ವಿದ್ವಾಂಸರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಮುಖ್ಯವಾಗಿ ಮೂರಕ್ಕೆ: ದೊಡ್ಡವರ ದೀರ್ಘಕಾಲದ ನೋವು, ಕೀಮೋಥೆರಪಿಯ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಬಿಗಿತ. ಉಳಿದದ್ದರಲ್ಲಿ ಬಹಳಷ್ಟು ಇನ್ನೂ ಮಬ್ಬು. ಎಳೆಯ ಮಿದುಳಿಗೆ, ಬಸಿರಿಗೆ, ಬುದ್ಧಿಭ್ರಮೆಯ ಒಲವಿರುವವರಿಗೆ ಇದು ಕೆಡುಕು ಮಾಡಬಲ್ಲದು.

ನೀನು ನಂಜನ್ನು ಉಂಡವನು. ಯಾವುದನ್ನು ಎಲ್ಲಿ ನಿಲ್ಲಿಸಬೇಕೆಂಬುದು ನಿನಗೆ ಗೊತ್ತು. ನಮಗೆ ಗೊತ್ತಿಲ್ಲ. ಆ ತಿಳಿವು ಕೊಡು. 2022ರಲ್ಲಿ ಗ್ಯಾಸ್ಟ್ರೋಪರೆಸಿಸ್ ಎಂಬ ಹೊಟ್ಟೆಯ ಕಾಯಿಲೆಗೆ ಬಂದ ಅರ್ಜಿಯನ್ನು ಇಲಾಖೆ ಒಪ್ಪಲಿಲ್ಲ. ಗಾಂಜಾ ಆ ಕಾಯಿಲೆಯನ್ನೇ ಹೆಚ್ಚಿಸಬಹುದು ಎಂದು ಕಾರಣ ಕೊಟ್ಟಿತು. ಅಂಥ ಉಹೂಂಗೂ ನಿನಗೆ ಕೃತಜ್ಞತೆ ಹೇಳುತ್ತೇನೆ. ಕಾರಣ ಹೇಳಿ ಬೇಡ ಎನ್ನುವವರು ರೋಗಿಯನ್ನು ಗೌರವಿಸಿದವರೇ. ಆದರೆ ಬೇಡ ಎಂಬ ಕಾಗದ ಕೈಗೆ ಬಂದ ಆ ಮನುಷ್ಯ ಆ ಸಂಜೆ ಏನು ಮಾಡಿದ? ಅವನಿಗೆ ಬೇರೆ ಔಷಧ ತೋರಿಸು. ಬರಿಗೈಯಲ್ಲಿ ಕಳಿಸಬೇಡ.

ಸಾಕ್ಷ್ಯ ಸಾಲದು ಎನ್ನುತ್ತಾರೆ. ಸಾಕ್ಷ್ಯ ಹುಟ್ಟಲು ಬಿಟ್ಟವರು ಯಾರು? 1970ರ ಕೇಂದ್ರ ಕಾಯ್ದೆ ಈ ಗಿಡವನ್ನು ಹೆರಾಯಿನ್ ಪಕ್ಕದಲ್ಲಿ, ಮೊದಲ ದರ್ಜೆಯಲ್ಲಿ ಕೂರಿಸಿತು. ಔಷಧದ ಗುಣವೇ ಇಲ್ಲ ಎಂದು ಬರೆಯಿತು. ಆಮೇಲೆ ಗುಣವಿದೆಯೇ ಎಂದು ನೋಡಹೋದ ವಿಜ್ಞಾನಿಗಳಿಗೆ ಬೀಗದ ಮೇಲೆ ಬೀಗ. 2018ರಲ್ಲಿ ಎಪಿಡಯೊಲೆಕ್ಸ್ ಎಂಬ ಎಣ್ಣೆಗೆ, ಮಕ್ಕಳ ಎರಡು ಕಠಿಣ ಮೂರ್ಛೆರೋಗಗಳಿಗೆಂದು, ಅದೇ ಕೇಂದ್ರ ಸರ್ಕಾರದ ಔಷಧ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಆ ಎಣ್ಣೆ ಇದೇ ಗಿಡದ್ದು. ಸೇಂಟ್ ಪಾಲ್‌ನ ತಾಯಂದಿರ ಮಾತಿನಲ್ಲಿ ಹುರುಳಿತ್ತು. ಗಿಡವನ್ನು ಮೂರನೆಯ ದರ್ಜೆಗೆ ಇಳಿಸುವ ಪ್ರಸ್ತಾವ 2024ರಲ್ಲಿ ಬಂತು. ಕಾಗದ ಬೇಗ ನಡೆಯುವಂತೆ ಮಾಡು.

ಈ ಎಲೆ ನಿನಗೆ ಹೊಸದೇನಲ್ಲ. 1839ರಲ್ಲಿ ಕಲ್ಕತ್ತದಲ್ಲಿ ಓ'ಷಾಗ್ನೆಸ್ಸಿ ಎಂಬ ಐರಿಷ್ ಡಾಕ್ಟರು ನಮ್ಮ ದೇಶದ ವೈದ್ಯರನ್ನು ಕೇಳಿ ತಿಳಿದು, ಇದನ್ನು ರೋಗಿಗಳಿಗೆ ಕೊಟ್ಟು ನೋಡಿ ಬರೆದರು. ಫಿಟ್ಸ್ ಬರುತ್ತಿದ್ದ ಒಂದು ಹಸುಗೂಸೂ ಅವರಲ್ಲಿತ್ತು. 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಶುಲಂ ಮತ್ತು ಗಾವೋನಿ ಇದರ ಮುಖ್ಯ ಅಂಶವನ್ನು ಬೇರ್ಪಡಿಸಿದರು. 1992ರಲ್ಲಿ ಅದೇ ಮೆಶುಲಂ ಅವರ ಪ್ರಯೋಗಾಲಯ, ಇದರಂತೆಯೇ ಕೆಲಸ ಮಾಡುವ ಒಂದು ಅಂಶವನ್ನು ನಮ್ಮ ಮೈ ತಾನೇ ತಯಾರಿಸುತ್ತದೆ ಎಂದು ಕಂಡುಹಿಡಿಯಿತು. ನಾವು ಕೇಳುವ ಮೊದಲೇ ನೀನು ಕೊಟ್ಟಿದ್ದೆ. ಕೆಲವರ ಮೈಯಲ್ಲಿ ಅದು ಸಾಲದೇಹೋಗುತ್ತದೆಯೋ ಏನೋ. ಅಂಥವರು ಹೊರಗಿನಿಂದ ಒಂದಿಷ್ಟು ಬೇಡಿದರೆ ಅದನ್ನು ಪಾಪವೆನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ನಮ್ಮವರ ಮಾತು. ಇದನ್ನು ಮೆಲ್ಲಗೆ ಹೇಳುತ್ತೇನೆ. ಇಲ್ಲಿ ಕನ್ನಡದ ಮನೆಗಳಿವೆ. ವೀಸಾದಲ್ಲಿ ಇರುವವರು, ಗ್ರೀನ್ ಕಾರ್ಡಿಗೆ ಕಾಯುವವರು, ಪೌರತ್ವದ ಹೊಸ್ತಿಲಲ್ಲಿ ನಿಂತವರು. ಅವರ ಮನೆಯಲ್ಲೂ ಆಟಿಸಂ ಮಗುವಿದೆ. ಅವರ ಮನೆಯಲ್ಲೂ ಕೀಮೋ ಮುಗಿಸಿ ತುತ್ತು ಅನ್ನ ಸೇರದ ಅಮ್ಮನಿದ್ದಾಳೆ. ರಾಜ್ಯ ಹೇಳುತ್ತದೆ, ನೀವು ಅರ್ಹರು. ಕೇಂದ್ರ ಹೇಳುತ್ತದೆ, ಇದು ಅಪರಾಧ. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಬಳಕೆ ಪೌರತ್ವಕ್ಕೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಬರೆದೇ ಹೇಳಿತು. ಡಾಕ್ಟರ ಚೀಟಿಯಿದ್ದರೂ ಅಷ್ಟೆ. ಪಟ್ಟಿಯೊಳಗೆ ಹೆಸರಿದ್ದೂ ಹೊರಗೆ ನಿಂತವರು ಇವರು. ಊರಿಗೆ ಫೋನ್ ಮಾಡಿದರೆ ಆ ಗಿಡದ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅಲ್ಲಿ ಆ ಹೆಸರು ಬರುವುದು ಪತ್ರಿಕೆಯ ಅಪರಾಧದ ಪುಟದಲ್ಲಿ. ಅಮ್ಮನಿಗೆ ಏನು ಕೊಡುತ್ತಿದ್ದೀರಿ ಎಂದು ದೊಡ್ಡಪ್ಪ ಕೇಳಿದರೆ ಆಯುರ್ವೇದದ್ದು ಎಂದುಬಿಡುತ್ತಾರೆ. ಆ ಸುಳ್ಳನ್ನು ಲೆಕ್ಕಕ್ಕೆ ಹಿಡಿಯಬೇಡ. ಮಗುವಿನ ನೆಮ್ಮದಿ ಒಂದು ತಟ್ಟೆಯಲ್ಲಿ, ಕುಟುಂಬದ ನೆಲೆ ಇನ್ನೊಂದರಲ್ಲಿ. ಯಾವ ತಂದೆತಾಯಿಗೂ ಇಂಥ ತಕ್ಕಡಿ ಹಿಡಿಸಬೇಡ.

ತಾಯ್ನಾಡಿನದ್ದೂ ಒಂದು ಮಾತು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಲ್ಲಿ ನಮ್ಮ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಾನುಗಟ್ಟಲೆ ಬೇಡಿಕೊಂಡ ಮೇಲೆ 2014ರಲ್ಲಿ ತಿದ್ದುಪಡಿ ಬಂತು. ಮಿನೆಸೋಟದ ಕಾನೂನು ಬಂದ ವರ್ಷವೇ. ಭೂಮಿಯ ಎರಡು ಮೂಲೆಗಳಲ್ಲಿ ಒಂದೇ ವರ್ಷ ನೋವಿನ ಕಡೆಗೆ ಎರಡು ಬಾಗಿಲು ಸರಿಸಿದ್ದೆ. ನಾನು ಕಂಡದ್ದು ಎರಡು. ಕಾಣದವು ಎಷ್ಟಿದ್ದಾವೋ.

ದುಡ್ಡಿನ ವಿಷಯ ದೇವರ ಮುಂದೆ ಆಡಬಾರದೆನ್ನುತ್ತಾರೆ. ಆದರೆ ಬಡವರ ವಿಷಯ ಆಡಲೇಬೇಕಲ್ಲ. ವಿಮೆ ಇದಕ್ಕೆ ಒಂದು ಡಾಲರೂ ಕೊಡುವುದಿಲ್ಲ. ನೋಂದಣಿಗೇ ವರ್ಷಕ್ಕೆ 200 ಡಾಲರ್ ಇತ್ತು, ಬಡವರಿಗೆ 50. ಅದನ್ನು 2023ರ ಜುಲೈನಲ್ಲಿ ತೆಗೆದುಹಾಕಿದರು. ಪುಣ್ಯವಂತರು. ಅಗ್ಗದ ಒಣಎಲೆ ಕೊಡಬಹುದೆಂದು 2021ರಲ್ಲಿ ಒಪ್ಪಿದರು, 2022ರ ಮಾರ್ಚ್‌ನಿಂದ ಸಿಕ್ಕಿತು. ಅರ್ಹತೆ ಎಂದರೆ ಕಾಯಿಲೆಯ ಹೆಸರು ಮಾತ್ರವಲ್ಲ ಎಂಬುದನ್ನು ಈ ರೋಗಿಗಳಿಂದಲೇ ಕಲಿತೆ. ಜೇಬಿನಲ್ಲಿ ಕಾಸಿಲ್ಲದವನು ಯಾವ ಪಟ್ಟಿಯಲ್ಲಿದ್ದರೇನು?

ಈಗ ಪಟ್ಟಿಯೇ ಕರಗಿದೆ. ಆಮೇಲಿನ ಶಾಸನ ಅದನ್ನು ಬದಿಗೆ ಸರಿಸಿ, ಯಾರಿಗೆ ಬೇಕು ಎಂಬುದನ್ನು ಡಾಕ್ಟರ ವಿವೇಚನೆಗೆ ಬಿಟ್ಟಿತು. ನ್ಯೂಯಾರ್ಕ್ ಅದಕ್ಕೂ ಮೊದಲೇ, 2022ರ ಜನವರಿಯಿಂದ, ಹಾಗೆ ಮಾಡಿತ್ತು. ಬಂದ ಅರ್ಜಿಗಳಲ್ಲಿ ಆತಂಕದ ಕಾಯಿಲೆಯವರದ್ದನ್ನು ಮಿನೆಸೋಟ ಹಿಂದೆ ತಳ್ಳಿಹಾಕಿತ್ತು. ಇಂದು ಅವರು ತಮ್ಮ ಡಾಕ್ಟರ ಎದುರು ಕೂತು ಮಾತಾಡಬಹುದು. ಬೇಕೋ ಬೇಡವೋ ಎಂಬುದು ಇಬ್ಬರು ಮನುಷ್ಯರ ನಡುವೆ, ಮುಖ ನೋಡಿ, ತೀರ್ಮಾನವಾಗುತ್ತದೆ. ನನ್ನ ಮನಸ್ಸಿಗೆ ಇದೇ ಸರಿ ಎನಿಸುತ್ತದೆ. ಆ ಡಾಕ್ಟರಿಗೆ ನಿನ್ನ ಕಣ್ಣಿನ ಒಂದು ತುಣುಕು ಕೊಡು. ದುಡ್ಡಿಗೆ ಸಹಿ ಮಾರುವವರಿಂದ ರೋಗಿಯನ್ನು ಕಾಪಾಡು. ಹೆದರಿ ಸಹಿಯೇ ಹಾಕದವರ ಕೈಯನ್ನೂ ಸ್ವಲ್ಪ ಬಿಸಿಮಾಡು.

2023ರ ಆಗಸ್ಟ್‌ನಿಂದ ಮಿನೆಸೋಟದಲ್ಲಿ ದೊಡ್ಡವರೆಲ್ಲರಿಗೂ ಗಾಂಜಾ ಕಾನೂನುಬದ್ಧವಾಗಿದೆ. ಇನ್ನು ರೋಗಿಗಳ ವ್ಯವಸ್ಥೆ ಬೇರೆ ಏಕೆ ಎಂದು ಕೇಳುವವರಿದ್ದಾರೆ. ಮಕ್ಕಳಿಗೆ ಬೇಕು, ಸ್ವಾಮಿ. ಗಾಂಜಾ ಅಂಗಡಿಗಳು ಇಪ್ಪತ್ತೊಂದು ತುಂಬಿದವರಿಗೆ. ಏಳು ವರ್ಷದ ಮೂರ್ಛೆರೋಗಿ ಎಲ್ಲಿಗೆ ಹೋಗಬೇಕು? ತೆರಿಗೆಯ ಭಾರವಿಲ್ಲದ ಔಷಧ ಬಡವರಿಗೆ ಬೇಕು. ಎಷ್ಟು ಹನಿ, ಯಾವ ಹೊತ್ತು, ಯಾವ ಮಾತ್ರೆಯ ಜೊತೆ ಕೂಡದು ಎಂದು ಹೇಳುವ ಫಾರ್ಮಸಿಸ್ಟ್ ಮುದುಕರಿಗೆ ಬೇಕು. ಮೋಜಿನ ಸದ್ದಿನಲ್ಲಿ ನರಳುವ ದನಿ ಮುಳುಗದ ಹಾಗೆ ನೋಡಿಕೋ.

ಒಂದೇ ಒಂದು ಉಳಿದಿದೆ. ಸೇಂಟ್ ಕ್ರೋಯ್ ನದಿ ದಾಟಿದರೆ ವಿಸ್ಕಾನ್ಸಿನ್. ಈ ದಡದಿಂದ ಆ ದಡದ ಮನೆಗಳು ಕಾಣುತ್ತವೆ. ನಾನು ಇದನ್ನು ಒಪ್ಪಿಸುತ್ತಿರುವ ಹೊತ್ತಿಗೂ ಅಲ್ಲಿ ರೋಗಿಗಳಿಗೆಂದು ಇಂಥ ಕಾನೂನಿಲ್ಲ. ಪಟ್ಟಿಯೇ ಇಲ್ಲ, ಒಂಬತ್ತು ಕಾಯಿಲೆಯದ್ದೂ ಇಲ್ಲ. ಕೆಳಗಿನ ಐಯೊವಾದಲ್ಲಿ ಪಟ್ಟಿಯಿದೆ, ಅಳೆದು ಕೊಡುತ್ತಾರೆ. ದೂರದ ಟೆಕ್ಸಾಸ್ ಕೂಡ 2025ರಲ್ಲಿ ದೀರ್ಘಕಾಲದ ನೋವನ್ನು ಸೇರಿಸಿಕೊಂಡಿತು. ವಿಸ್ಕಾನ್ಸಿನ್‌ನ ರಾಜಧಾನಿ ಮ್ಯಾಡಿಸನ್‌ನಲ್ಲಿ ಮಸೂದೆ ಬರುತ್ತದೆ, ಬಿದ್ದುಹೋಗುತ್ತದೆ, ಮತ್ತೆ ಬರುತ್ತದೆ. ಅಲ್ಲಿಯೂ ಯಾರೋ ಒಬ್ಬಳು ಮಗುವನ್ನು ಎತ್ತಿಕೊಂಡು ಶಾಸಕರ ಕೋಣೆಯ ಹೊರಗೆ ಕೂತಿರುತ್ತಾಳೆ. ಅವಳ ಸರದಿ ಬಂದಾಗ ಒಳಗಿನವರು ಗಡಿಯಾರ ನೋಡದಿರಲಿ. ಅವಳು ಹೇಳುವುದನ್ನು ಪೂರ್ತಿ ಕೇಳಲಿ. ಮೊದಲು ಒಂಬತ್ತೇ ಕೊಟ್ಟರೂ ಚಿಂತೆಯಿಲ್ಲ, ಕೊಡಲಿ. ಜೊತೆಗೆ ಅರ್ಜಿ ಹಾಕಲು ಒಂದು ಕಿಂಡಿಯನ್ನೂ ಇಡಲಿ. ನನ್ನದು ಇಷ್ಟೇ, ನಂಜುಂಡ. ಈ ಸಲ ಅವರ ಮಸೂದೆ ನಡೆಸಿಕೊಡು.